ಸೈಕಲ್ ಹೊತ್ತು ಓಡುವ ನಾಡಿನಲ್ಲಿ

ಹೋದ ವರ್ಷ ಅಕ್ಟೋಬರ್ ಮೊದಲ ವಾರ ನಾನೂ ನನ್ನಾಕೆಯೂ ಬೆಲ್ಜಿಯಂಗೆ ಹೋದೆವು. ಮಗಳು, ಅಳಿಯ, ಹನ್ನೆರಡು ವರ್ಷದ ಮೊಮ್ಮಗಳು ಅಲ್ಲಿನ ಲ್ಯೂವೆನ್ ಎಂಬ ಊರಿನಲ್ಲಿದ್ದಾರೆ. 1425ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ಇರುವ ಊರು. ರೈಲು ನಿಲ್ದಾಣದ ಮುಂದೆ ನಿಂತರೆ ಎತ್ತ ನೋಡಿದರೂ ಸೈಕಲ್ಲುಗಳೇ. ನಮ್ಮ ವೀಸಾ 90 ದಿನದ್ದು. ಮೂವತ್ತೈದು ವರ್ಷ ಬ್ಯಾಂಕಿನ ಗುಮಾಸ್ತನಾಗಿದ್ದವನನ್ನು ಲೆಕ್ಕ ಬಿಡುತ್ತದೆಯೇ? ‘13 ವಾರಕ್ಕೆ ಒಂದು ದಿನ ಕಡಿಮೆ’ ಎಂದು ಡೈರಿಯಲ್ಲಿ ಬರೆದುಕೊಂಡೆ.

ಹಳೆಯ ಚರ್ಚು, ಮ್ಯೂಸಿಯಂ, ಚಾಕೊಲೇಟ್ ಅಂಗಡಿ ನೋಡಿಕೊಂಡು ಬರೋಣ ಎಂದು ಹೋದವರು ನಾವು. ಆದರೆ ಹೆಚ್ಚಿನ ಭಾನುವಾರಗಳನ್ನು ಕಳೆದದ್ದು ಕೆಸರು ಹೊಲಗಳ ಅಂಚಿನಲ್ಲಿ. ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಚಕ್ಕುಲಿ ಡಬ್ಬಿ. ಇದಕ್ಕೆಲ್ಲ ಕಾರಣ ನಮ್ಮ ಪುಟ್ಟಿ. ಅವಳು ಸೈಕ್ಲೋಕ್ರಾಸ್ ಎಂಬ ಆಟಕ್ಕೆ ಸೇರಿಕೊಂಡಿದ್ದಳು.

ಮಕ್ಕಳೇ, ಇದು ರಸ್ತೆಯ ಮೇಲಿನ ಸೈಕಲ್ ಪಂದ್ಯವಲ್ಲ. ಹುಲ್ಲುಗಾವಲು, ಕಾಡು, ಮರಳು, ಕೆಸರು, ಮೆಟ್ಟಿಲು ಎಲ್ಲವನ್ನೂ ಸೇರಿಸಿ ಸುಮಾರು ಮೂರು ಕಿಲೋಮೀಟರಿನ ಒಂದು ಜಾಡು ಮಾಡುತ್ತಾರೆ. ಅದನ್ನು ಸುತ್ತಬೇಕು. ದೊಡ್ಡವರಿಗೆ ಹೆಚ್ಚುಕಡಿಮೆ ಒಂದು ಗಂಟೆ, ಪುಟ್ಟಿಯಂಥವರಿಗೆ ಹದಿನೈದು ಇಪ್ಪತ್ತು ನಿಮಿಷ. ಚಳಿಗಾಲವೇ ಇದರ ಕಾಲ. ಕೆಲವು ಕಡೆ ಜಾಡಿಗೆ ಅಡ್ಡವಾಗಿ ಹಲಗೆ ನಿಲ್ಲಿಸಿರುತ್ತಾರೆ. ಹಲಗೆಯ ಎತ್ತರ 40 ಸೆಂಟಿಮೀಟರ್ ಮೀರುವಂತಿಲ್ಲ. ನಿಮ್ಮ ಶಾಲೆಯ ಅಡಿಪಟ್ಟಿಗಿಂತ ಒಂದಿಷ್ಟು ಹೆಚ್ಚು. ಹಲಗೆ ಬಂದಾಗ ಓಡುತ್ತಿರುವ ಸೈಕಲ್ಲಿನಿಂದಲೇ ಹಾರಿ ಇಳಿದು, ಸೈಕಲ್ ಎತ್ತಿಕೊಂಡು, ಹಲಗೆ ದಾಟಿ ಮತ್ತೆ ಹಾರಿ ಕೂರಬೇಕು. ಮೆಟ್ಟಿಲು ಬಂದರೆ ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು.

ಈ ಆಟ ಫ್ರಾನ್ಸಿನದು. ಅಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆದದ್ದು 1902ರಲ್ಲಿ. 1910ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಆಕ್ಟಾವ್ ಲಪೀಜ್, ಚಳಿಗಾಲದ ಈ ಅಭ್ಯಾಸವೇ ತನ್ನನ್ನು ಗಟ್ಟಿ ಮಾಡಿತು ಎಂದ ಮೇಲೆ ಹೆಸರು ಹಬ್ಬಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1950ರಲ್ಲಿ, ಪ್ಯಾರಿಸಿನಲ್ಲಿ. ಈಗ ಇದರ ತವರುಮನೆ ಎಂದರೆ ಬೆಲ್ಜಿಯಂನ ಫ್ಲಾಂಡರ್ಸ್. ಲ್ಯೂವೆನ್‌ಗೆ ಹತ್ತಿರದ ಬಾಲ್ ಎಂಬ ಹಳ್ಳಿ 2005 ಮತ್ತು 2013ರ ವಿಶ್ವ ಚಾಂಪಿಯನ್ ಸ್ವೆನ್ ನೈಸ್ ಅವರದು. ನಮ್ಮಲ್ಲಿ ಕ್ರಿಕೆಟಿಗರ ಹೆಸರು ಹೇಳುವ ಹಾಗೆ ಅಲ್ಲಿಯ ಮಕ್ಕಳು ಅವರ ಹೆಸರು ಹೇಳುತ್ತಾರೆ.

ಪುಟ್ಟಿಯ ಮೊದಲ ಪಂದ್ಯ ನಾವು ನೋಡಿದ್ದು ಒಂದು ಹಳ್ಳಿಯ ಒಣ ಹುಲ್ಲುಗಾವಲಿನಲ್ಲಿ. ಸುತ್ತ ನಿಂತ ಜನ ‘ಅಲ್ಲೇ! ಅಲ್ಲೇ!’ ಎಂದು ಕೂಗುತ್ತಿದ್ದರು. ನನ್ನಾಕೆಗೆ ಸಿಟ್ಟು ಬಂತು. “ಇದೇನ್ರೀ ಇದು, ಮುಂದೆ ಹೋಗು ಅನ್ನೋದು ಬಿಟ್ಟು ಅಲ್ಲೇ ಇರು ಅಂತಾರಲ್ಲ!” ಅದು ಫ್ರೆಂಚ್ ಮಾತು, ‘ನಡಿ, ನಡಿ’ ಎಂದು ಅರ್ಥ ಅಂತ ಅಳಿಯಂದಿರು ಬಿಡಿಸಿ ಹೇಳಿದರು. ಆ ದಿನ ಪುಟ್ಟಿ 22 ಮಕ್ಕಳಲ್ಲಿ ಹತ್ತೊಂಬತ್ತನೆಯವಳು. ಆದರೂ ನಗುತ್ತಲೇ ಬಂದಳು.

ನನಗೆ ಮಾತ್ರ ಒಂದು ವಿಷಯ ಹಿಡಿಸಲಿಲ್ಲ. ಸಣ್ಣ ಏರು ಬಂದರೂ ಅವಳು ಸೈಕಲ್ ಇಳಿದುಬಿಡುತ್ತಿದ್ದಳು. “ಸೈಕಲ್ ಪಂದ್ಯ ಅಂದ್ಮೇಲೆ ಸೈಕಲ್ ಮೇಲೇ ಇರಬೇಕು ಪುಟ್ಟಿ. ಇಳಿದರೆ ಸೋತ ಹಾಗೆ” ಎಂದೆ. ಅವಳು ಸುಮ್ಮನೆ ತಲೆ ಆಡಿಸಿದಳು.

ಮರಳು

ಅಕ್ಟೋಬರ್ ಕೊನೆಯಲ್ಲಿ ಕೆಂಪನ್ ಪ್ರದೇಶಕ್ಕೆ ಹೋದೆವು. ಪೈನ್ ಮರಗಳು, ಕೆಳಗೆಲ್ಲ ಬಿಳಿ ಮರಳು. ಸಮುದ್ರ ಅಲ್ಲಿಂದ ದೂರ. ಆದರೂ ಕಾಲಿಟ್ಟರೆ ಮಲ್ಪೆಯ ದಡದಲ್ಲಿ ನಡೆದ ಹಾಗೆ. ಸಮುದ್ರದ ಪಕ್ಕದ ಕೊಕ್ಸೈಡೆ ಎಂಬ ಊರಿನ ಮರಳು ದಿಬ್ಬಗಳಲ್ಲಂತೂ 2012ರ ವಿಶ್ವ ಚಾಂಪಿಯನ್‌ಷಿಪ್ಪೇ ನಡೆದಿತ್ತು.

ದೊಡ್ಡವರ ಪಂದ್ಯದಲ್ಲಿ ಟೈರಿನ ಅಗಲ 33 ಮಿಲಿಮೀಟರ್ ಮೀರಬಾರದು ಎಂಬ ನಿಯಮವಿದೆ. ಅಷ್ಟು ಸಪೂರ ಟೈರು ಮರಳಿನಲ್ಲಿ ಹೂತುಹೋಗದೆ ಇರುತ್ತದೆಯೇ? ಅದಕ್ಕೆ ಗಾಳಿ ಕಡಿಮೆ ಮಾಡುತ್ತಾರೆ. ಟೈರು ಚಪ್ಪಟೆಯಾಗಿ ಹೆಚ್ಚು ಜಾಗ ಹಿಡಿಯುತ್ತದೆ. ಮರಳಿಗೆ ಬರುವ ಮುಂಚೆಯೇ ವೇಗ ಕೂಡಿಸಿಕೊಂಡು, ಮೈಭಾರ ಹಿಂದಕ್ಕೆ ತಂದು, ಮುಂದಿನವರ ಚಕ್ರ ಕೊರೆದ ಗೆರೆಯಲ್ಲೇ ಹೋಗಬೇಕು. ಹ್ಯಾಂಡಲ್ ತಿರುಗಿಸಿದರೆ ಕೆಟ್ಟಿತು. ವೇಗ ಇಳಿಯುತ್ತಿದೆ ಎನ್ನಿಸಿದ ಕೂಡಲೇ, ಚಕ್ರ ನಿಲ್ಲುವ ಮೊದಲೇ ಇಳಿದು ಓಡಬೇಕು. ಇದನ್ನೆಲ್ಲ ನಾನು ಕಲಿತದ್ದು ಆಮೇಲೆ.

ಮರಳಿನ ಗುಂಡಿಯ ಪಕ್ಕದಲ್ಲೇ ನಾನು ನಿಂತಿದ್ದೆ. ಪುಟ್ಟಿ ಬಂದಳು. ಅರ್ಧ ದಾರಿಗೆ ವೇಗ ಕುಗ್ಗಿತು. ಇಳಿಯಲು ಕಾಲೆತ್ತಿದಳು. ನಾನು ಗಂಟಲು ಹರಿಯುವಂತೆ ಕೂಗಿದೆ: “ಇಳೀಬೇಡ ಪುಟ್ಟಿ! ತುಳಿ!”

ಅವಳು ನನ್ನ ಮಾತು ಕೇಳಿದಳು. ಎರಡು ಸಲ ತುಳಿದಳು. ಮುಂದಿನ ಚಕ್ರ ಹೂತು, ಹ್ಯಾಂಡಲ್ ತಿರುಗಿ, ಹುಡುಗಿ ಮುಗ್ಗರಿಸಿ ಬಿದ್ದಳು. ಹಿಂದಿದ್ದ ಇಬ್ಬರು ಮಕ್ಕಳು ಅವಳ ಮೇಲೇ ಬಿದ್ದರು. ಕೈ ಮುರಿದಿರಲಿಲ್ಲ, ಮಣಿಕಟ್ಟು ಉಳುಕಿತ್ತು. ಪಂದ್ಯ ಅಲ್ಲಿಗೇ ಬಿಟ್ಟಳು. ವಾಪಸು ಬರುವಾಗ ಕಾರಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು, “ನಂಗೆ ಈ ಆಟ ಬೇಡ ಅಮ್ಮ” ಎಂದಳು. ನನ್ನ ಮೇಲೆ ದೂರು ಹೇಳಲಿಲ್ಲ. ಹೇಳಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ರಾತ್ರಿ ನನ್ನಾಕೆ ಕೇಳಿದಳು: “ಅಲ್ರೀ, ತೀರ್ಥಹಳ್ಳಿ ಕಡೆ ಬ್ರಾಂಚಿನಲ್ಲಿದ್ದಾಗ ಮಳೆಗಾಲದಲ್ಲಿ ದಿನಾ ಸಂಕ ದಾಟಿಕೊಂಡು ಹೋಗ್ತಿದ್ರಲ್ಲ, ಸೈಕಲ್ ಮೇಲೆ ಕೂತ್ಕೊಂಡೇ ದಾಟ್ತಿದ್ರಾ?”

ಸಂಕ ಎಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿ, ಮಕ್ಕಳೇ. ಅದರ ಮೇಲೆ ಒಬ್ಬರು ನಡೆಯುವುದೇ ಕಷ್ಟ. ನಾನು ಆರು ಮಳೆಗಾಲ ಸೈಕಲ್ ಹೆಗಲಿಗೆ ಹಾಕಿಕೊಂಡು ಅದನ್ನು ದಾಟಿದ್ದೆ. ಆಗ ಅದು ಸೋಲು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಹೇಗೆ ಮರೆತೆನೋ!

ಕಲ್ಲು

ನವೆಂಬರ್ 1 ಅಲ್ಲಿ ರಜೆ. ಆ ದಿನ ಔಡೆನಾರ್ಡೆ ಊರಿನ ಹತ್ತಿರದ ಕೊಪ್ಪೆನ್‌ಬರ್ಗ್ ಗುಡ್ಡದಲ್ಲಿ ದೊಡ್ಡವರ ಪಂದ್ಯ. ಬರೀ ನೋಡುವುದಕ್ಕೆ ತಾನೇ ಎಂದು ಪುಟ್ಟಿಯನ್ನು ಒಪ್ಪಿಸಿ ಕರೆದುಕೊಂಡು ಹೋದೆವು.

ಕೊಪ್ಪೆನ್‌ಬರ್ಗ್ ಎಂದರೆ ಸುಮಾರು 600 ಮೀಟರಿನ ಕಲ್ಲುಹಾಸಿನ ಏರು. ಉಬ್ಬುತಗ್ಗಿನ ಕಲ್ಲುಗಳು, ಎರಡು ಕಡೆಯೂ ದಿಣ್ಣೆ. ಅತಿ ಕಡಿದಾದ ಕಡೆ ನೂರಕ್ಕೆ 22ರ ಏರಿಕೆ. ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 22 ಮೀಟರ್ ಮೇಲೇರಿರುತ್ತೀರಿ. ಒದ್ದೆಯಾದರೆ ಕಲ್ಲು ಪಾಚಿಯ ಮೆಟ್ಟಿಲಿನ ಹಾಗೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ, ಕೂತೇ ತುಳಿದರೆ ಕಾಲಿನ ಕಸುವು ಸಾಲುವುದಿಲ್ಲ. ಇಳಿಯುವ ದಾರಿ ಜಾರುವ ಹುಲ್ಲುಗಾವಲಿನಲ್ಲಿ.

ನಮ್ಮ ಪಕ್ಕ ನನ್ನ ವಯಸ್ಸಿನ ರೈತರೊಬ್ಬರು ನಿಂತಿದ್ದರು. ಚಕ್ಕುಲಿ ಕೊಟ್ಟೆ. ತಿಂದು, ಅಳಿಯಂದಿರ ಮೂಲಕ ಒಂದು ಕಥೆ ಹೇಳಿದರು. ಟೂರ್ ಆಫ್ ಫ್ಲಾಂಡರ್ಸ್ ಎಂಬ ಹೆಸರಾಂತ ರಸ್ತೆ ಪಂದ್ಯಕ್ಕೆ ಈ ಏರನ್ನು ಮೊದಲು ಸೇರಿಸಿದ್ದು 1976ರಲ್ಲಿ. ಆ ವರ್ಷ ಎಡ್ಡಿ ಮರ್ಕ್ಸ್ ಕೂಡ ಇಲ್ಲಿ ಸೈಕಲ್ ಇಳಿದು ನಡೆದಿದ್ದರಂತೆ. ಮರ್ಕ್ಸ್ ಎಂದರೆ ಟೂರ್ ಡಿ ಫ್ರಾನ್ಸನ್ನು ಐದು ಸಲ ಗೆದ್ದವರು, ಬೆಲ್ಜಿಯಂನ ಕಣ್ಮಣಿ.

ಪುಟ್ಟಿ ತಿರುಗಿ ನನ್ನನ್ನೇ ನೋಡಿದಳು. ನಾನು ಚಕ್ಕುಲಿ ಡಬ್ಬಿಯ ಮುಚ್ಚಳ ಸರಿಮಾಡತೊಡಗಿದೆ. ಅಂದೇ ‘ನನ್ನದು ತಪ್ಪಾಯಿತು’ ಎನ್ನಬಹುದಿತ್ತು. ಹಿರಿಯರ ಬಾಯಿಗೆ ಆ ಮಾತು ಬೇಗ ಬರುವುದಿಲ್ಲ ನೋಡಿ. ಮುಂದಿನ ವಾರ ಅವಳೇ ಸೈಕಲ್ ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ಅಭ್ಯಾಸಕ್ಕೆ ಹೊರಟಳು.

ಓರೆ ಇಳಿಜಾರು

ಡಿಸೆಂಬರಿನಲ್ಲಿ ನಮ್ಯೂರ್‌ಗೆ ಹೋದೆವು. ಇದು ಫ್ರೆಂಚ್ ಮಾತನಾಡುವ ಊರು. ನಮ್ಮ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುವ ಹಾಗೆ ಅಲ್ಲಿ ಮ್ಯೂಸ್ ಮತ್ತು ಸಾಂಬ್ರ್ ನದಿಗಳು ಸೇರುತ್ತವೆ. ಸಂಗಮದ ಮೇಲೆ ಗುಡ್ಡ, ಗುಡ್ಡದ ಮೇಲೆ ದೊಡ್ಡ ಕೋಟೆ. ಆ ಕೋಟೆಯ ಇಳಿಜಾರಿನಲ್ಲೇ ವಿಶ್ವಕಪ್ ಪಂದ್ಯದ ಜಾಡು. ಅಲ್ಲಿಯ ಕಷ್ಟವೇ ಬೇರೆ. ಜಾಡು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ. ಗುಡ್ಡದ ಮಗ್ಗುಲಲ್ಲಿ ಓರೆಯಾಗಿ ಸಾಗುತ್ತದೆ. ಮನೆಯ ಮಾಡಿನ ಹಂಚಿನ ಮೇಲೆ ಅಡ್ಡಡ್ಡ ಸೈಕಲ್ ಬಿಟ್ಟ ಹಾಗೆ ಎಂದುಕೊಳ್ಳಿ. ಬ್ರೇಕ್ ಹಿಡಿದರೆ ಚಕ್ರ ಕೆಳಕ್ಕೆ ಜಾರುತ್ತದೆ. ಕೆಲವರು ಗುಡ್ಡದ ಕಡೆಯ ಕಾಲನ್ನು ಪೆಡಲಿನಿಂದ ಬಿಡಿಸಿ ಊರುಗೋಲಿನಂತೆ ನೆಲಕ್ಕೆ ಊರುತ್ತ ಹೋದರು. ಇನ್ನು ಕೆಲವರು ಇಳಿದು ಸೈಕಲ್ ಹಿಡಿದುಕೊಂಡು ಓಡಿದರು. ಎಲ್ಲರೂ ದೇಶ ದೇಶಗಳ ಹೆಸರಾಂತ ಸವಾರರು.

ಊರುಗೋಲು ಎಂದೆನಲ್ಲ, ಅದರ ಕಥೆ ಹೇಳಲೇಬೇಕು. ನನ್ನ ಬಲ ಮಂಡಿ ಸವೆದಿದೆ. ಹೊರಗೆ ಹೋಗುವಾಗ ಕೋಲು ಹಿಡಿಯಿರಿ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಮಡಚುವ ಕೋಲೊಂದನ್ನು ಮಗಳೇ ಕೊಡಿಸಿದ್ದಳು. ಕೋಲು ಹಿಡಿದರೆ ಮುದುಕನಾದೆ ಎಂದು ಒಪ್ಪಿಕೊಂಡಂತೆ ಎಂದು ಅದನ್ನು ಕಪಾಟಿನ ಮೂಲೆಗೆ ತಳ್ಳಿದ್ದೆ. ನಮ್ಯೂರಿನ ಆ ಒದ್ದೆ ಗುಡ್ಡದ ನಡುವೆ ನನ್ನ ಕಾಲು ನಡುಗತೊಡಗಿತು. ಮೇಲಕ್ಕೂ ಹೋಗಲಾರೆ, ಕೆಳಕ್ಕೂ ಇಳಿಯಲಾರೆ. ಒಂದು ಮರ ತಬ್ಬಿ ನಿಂತೆ.

ಪುಟ್ಟಿ ಹತ್ತಿರ ಬಂದಳು. ಬೆನ್ನಿನ ಚೀಲದಿಂದ ಆ ಕೋಲು ತೆಗೆದು, ಬಿಚ್ಚಿ, ನನ್ನ ಕೈಗೆ ಕೊಟ್ಟಳು. ಬೆಳಿಗ್ಗೆಯೇ ಕಪಾಟಿನಿಂದ ತೆಗೆದು ಇಟ್ಟುಕೊಂಡಿದ್ದಳಂತೆ.

“ಹಿಡ್ಕೋ ಅಜ್ಜ. ಇಲ್ಲಿ ಯಾರೂ ನಗಲ್ಲ.”

ಕೋಲು ಹಿಡಿದೆ. ಎರಡು ಹೆಜ್ಜೆ ಇಟ್ಟ ಮೇಲೆ ಆರು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಬಂತು. “ಅವತ್ತು ಮರಳಲ್ಲಿ ನಾನು ಕೂಗಿದ್ದು ತಪ್ಪು ಪುಟ್ಟಿ. ಇಳಿಯೋದು ಯಾವಾಗ ಅಂತ ನಿಂಗೇ ಗೊತ್ತಿತ್ತು.” ಅವಳು, “ಗೊತ್ತು ಅಜ್ಜ” ಎಂದಳು. ಅಷ್ಟೇ. ಮುಂದೆ ಕೈ ಹಿಡಿದುಕೊಂಡೇ ಇಳಿದೆವು.

ಕೆಸರು

ನಾವು ಹೊರಡುವ ಮುಂಚಿನ ಭಾನುವಾರ ಲ್ಯೂವೆನ್ ಹತ್ತಿರದ ಹಳ್ಳಿಯೊಂದರಲ್ಲಿ ಪುಟ್ಟಿಯ ಪಂದ್ಯವಿತ್ತು. ಮೂರು ದಿನ ಮಳೆ ಸುರಿದು, ಒಂದು ದಿನ ಗಾಳಿ ಬೀಸಿತ್ತು. ಕೆಸರೆಲ್ಲ ಒಂದೇ ಎಂದುಕೊಳ್ಳಬೇಡಿ. ಪಾಯಸದಂಥ ತೆಳು ಕೆಸರು ಚಕ್ರದಿಂದ ಹಾರಿಹೋಗುತ್ತದೆ. ಅರ್ಧ ಆರಿದ ಕೆಸರು ಕಜ್ಜಾಯದ ಹಿಟ್ಟಿನ ಹಾಗೆ. ಹುಲ್ಲನ್ನೂ ಕಟ್ಟಿಕೊಂಡು ಚಕ್ರ, ಬ್ರೇಕ್, ಚೈನ್ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಹಗುರವಾದ ಸೈಕಲ್ ಮಣಭಾರವಾಗುತ್ತದೆ. ದೊಡ್ಡ ಸವಾರರಿಗೆ ಜಾಡಿನ ಪಕ್ಕ ಸೈಕಲ್ ಬದಲಿಸುವ ಜಾಗವಿರುತ್ತದೆ. ಕೆಸರಾದದ್ದನ್ನು ಕೊಟ್ಟು ತೊಳೆದದ್ದನ್ನು ಹತ್ತಿ ಹೋಗುತ್ತಾರೆ. ಅವರ ಕಡೆಯವರು ನೀರಿನ ಪಂಪು ಹಿಡಿದು ಕಾದಿರುತ್ತಾರೆ. ನಮ್ಮ ಪುಟ್ಟಿಗೆ ಇರುವುದು ಒಂದೇ ಸೈಕಲ್.

ಪಂದ್ಯಕ್ಕೆ ಮುಂಚೆ ಅವಳೂ ನಾನೂ ಜಾಡಿನ ಉದ್ದಕ್ಕೂ ನಡೆದೆವು. ಈಗ ಕೋಲು ನನ್ನ ಕೈಯಲ್ಲೇ ಇತ್ತು. “ಎಲ್ಲೆಲ್ಲಿ ಇಳೀತೀಯ?” ಎಂದು ಕೇಳಿದೆ. ಮೂರು ಜಾಗ ತೋರಿಸಿದಳು. ಮೂರನೆಯದು ಹಳ್ಳದ ಪಕ್ಕದ ತಗ್ಗು. ಅಲ್ಲೇ ನಿಂತೆ. ಏನೂ ಕೂಗುವುದಿಲ್ಲ ಎಂದು ಮಾತು ಕೊಟ್ಟೆ.

ಎರಡು ಸುತ್ತು ಅವಳು ಹೇಳಿದ ಕಡೆಯೇ ಇಳಿದಳು, ಓಡಿದಳು, ಹತ್ತಿದಳು. ಕೊನೆಯ ಸುತ್ತಿನ ಗಂಟೆ ಹೊಡೆದ ಮೇಲೆ ನನ್ನ ಕಣ್ಣೆದುರೇ ಅವಳ ಚೈನು ಕೆಸರಿನಲ್ಲಿ ಸಿಕ್ಕಿ ತುಂಡಾಯಿತು. ಇನ್ನೂ ಅರ್ಧ ಕಿಲೋಮೀಟರ್ ಬಾಕಿ. ಒಂದು ಕ್ಷಣ ಚೈನನ್ನು ನೋಡಿದಳು. ಆಮೇಲೆ ಸೈಕಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಓಡಿದಳು.

ನಾನು ಕೊಟ್ಟ ಮಾತು ಮುರಿದೆ. “ಅಲ್ಲೇ! ಅಲ್ಲೇ!” ಎಂದು ಕೂಗುತ್ತ ಕೋಲೂರಿಕೊಂಡು ಅಂಚಿನಲ್ಲೇ ನಡೆದೆ. ಹಿಂದಿನಿಂದ ನನ್ನಾಕೆಯೂ ಅದನ್ನೇ ಕೂಗುತ್ತಿದ್ದಳು.

21 ಮಕ್ಕಳಲ್ಲಿ ಪುಟ್ಟಿ ಇಪ್ಪತ್ತನೆಯವಳು. ಮುಖದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. “ನೋಡಿದ್ಯಾ ಅಜ್ಜ? ಒಬ್ಬರನ್ನ ಓಡಿಕೊಂಡೇ ಹಿಂದೆ ಹಾಕಿದೆ!” ಎಂದಳು.

ಈಗ ನಾವು ಊರಿನಲ್ಲಿದ್ದೇವೆ. ಭಾನುವಾರ ರಾತ್ರಿ ಮಗಳು ವಿಡಿಯೊ ಕಳಿಸುತ್ತಾಳೆ. ಸಂಜೆ ನಾನು ಕೋಲು ಹಿಡಿದು ಹೊಳೆಯ ಕಡೆ ವಾಕಿಂಗ್ ಹೋಗುತ್ತೇನೆ. ‘ಏನ್ ಸಾರ್, ಕೋಲು ಬಂತು?’ ಎಂದು ಯಾರಾದರೂ ಕೇಳಿದರೆ, ಮೊಮ್ಮಗಳು ಕೊಟ್ಟದ್ದು ಎನ್ನುತ್ತೇನೆ.