ವಾಲ್ಪಾರೈನ ಕೆಂಪು ದೀಪ

ತಮಿಳುನಾಡಿನ ವಾಲ್ಪಾರೈ ಸುಮಾರು 220 ಚದರ ಕಿಲೋಮೀಟರಿನ ಪ್ರಸ್ಥಭೂಮಿ. ಸುತ್ತ ಆನೈಮಲೈ ಕಾಡು, ನಡುವೆ ಚಹಾ, ಕಾಫಿ ತೋಟಗಳು ಮತ್ತು ಕಾರ್ಮಿಕರ ಲೈನ್ ಮನೆಗಳು. ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಲು ಆನೆಗಳು ಈ ತೋಟಗಳನ್ನೇ ಹಾಯಬೇಕು. ಹಗಲಲ್ಲಿ ಹೊಳೆಯಂಚಿನಲ್ಲಿ, ತೋಟಗಳ ನಡುವೆ ಉಳಿದ ಚೂರುಪಾರು ಕಾಡಿನಲ್ಲಿ ನಿಲ್ಲುತ್ತವೆ.

ಆನೆಗಳಿಂದಾದ ಇಲ್ಲಿನ ಸಾವುಗಳನ್ನು ಅಭ್ಯಸಿಸಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಶೋಧಕರಿಗೆ ಒಂದು ಸಂಗತಿ ಎದ್ದು ಕಂಡಿತು: ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಹತ್ತಿರವಿದೆ ಎಂಬುದೇ ತಿಳಿದಿರಲಿಲ್ಲ. ಸಂಜೆ ಬಸ್ಸಿಳಿದು ಮಬ್ಬುಗತ್ತಲಲ್ಲಿ ಮನೆಗೆ ನಡೆಯುವ ಹೊತ್ತು ವಿಶೇಷ ಅಪಾಯದ್ದು. ಹಾಗಾಗಿ ಆನೆ ಓಡಿಸುವ ಬದಲು ಸುದ್ದಿ ಓಡಿಸುವ ಏರ್ಪಾಟು ಬಂತು. ಮೊದಲು ಕೇಬಲ್ ಟಿವಿಯಲ್ಲಿ ಸೂಚನೆ, ಆಮೇಲೆ ಮೊಬೈಲಿಗೆ ಎಸ್ಸೆಮ್ಮೆಸ್, ಜೊತೆಗೆ ಆಯಕಟ್ಟಿನ ಜಾಗಗಳಲ್ಲಿ ಕೆಂಪು ದೀಪ. ಆನೆ ಕಂಡರೆ ಆಯಾ ಊರಿನಲ್ಲಿ ಗೊತ್ತುಮಾಡಿದ ಜನ ಮೊಬೈಲಿನಿಂದ ಕರೆ ಮಾಡಿ ದೀಪ ಹೊತ್ತಿಸುತ್ತಾರೆ; ದೂರದಿಂದಲೇ ಅದು ಕಾಣುತ್ತದೆ. ಓದು ಬಾರದವರಿಗೂ ಅರ್ಥವಾಗುವುದೇ ಅದರ ದೊಡ್ಡ ಗುಣ.

ಈ ಕೆಲಸಕ್ಕಾಗಿ ಫೌಂಡೇಶನ್ನಿನ ವಿಜ್ಞಾನಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಯ ವಿಟ್ಲಿ ಪ್ರಶಸ್ತಿ ಬಂತು. ಪಡಿತರ ಅಂಗಡಿಯ ಅಕ್ಕಿಗಾಗಿ ಆನೆ ಗೋಡೆ ಒಡೆಯುವುದನ್ನು ಮಾತ್ರ ಯಾವ ದೀಪವೂ ತಡೆಯಲಾರದು. ಅದಕ್ಕೆ ದಾಸ್ತಾನಿನ ವ್ಯವಸ್ಥೆಯೇ ಬದಲಾಗಬೇಕು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಭಾಗದ ಕಾಫಿ ಸೀಮೆಯಲ್ಲೂ ಅರಣ್ಯ ಇಲಾಖೆಯ ಜೊತೆಗೂಡಿ ವಾಲ್ಪಾರೈ ಬಗೆಯದೇ ಮುನ್ಸೂಚನೆ ಜಾರಿಗೆ ಬಂದಿದೆ.