ಅಮ್ಮ ಹಾಕಿದ ಸಾಕ್ಷಿ

2023ರ ದಸರಾ ಎಂದರೆ ನನಗೆ ಮೊದಲು ನೆನಪಾಗುವುದು ಸುಪ್ರೀಂ ಕೋರ್ಟಿನ ಒಂದು ತೀರ್ಪು. ಅಕ್ಟೋಬರ್ 17, ಮಂಗಳವಾರ, ನವರಾತ್ರಿಯ ಮೂರನೆಯ ದಿನ. ಮೈಸೂರಿನ ನಮ್ಮ ಮನೆಗೆ ಭಾನುವಾರವೇ ನನ್ನ ಸೋದರಮಾವನ ಮಗಳು ಬಂದಿದ್ದಳು. ಮನೆಮಂದಿಗೆಲ್ಲ ಅವಳು ಪುಟ್ಟಿ. ಜೊತೆಗೆ ಬಂದವಳು ಮಂಗಳೂರಿನ ಹುಡುಗಿ. ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು. ಎಷ್ಟೋ ವರ್ಷಗಳಿಂದ ಒಂದೇ ಮನೆಯಲ್ಲಿದ್ದು, ಸೇರಿ ಸಾಲ ಮಾಡಿ ಒಂದು ಫ್ಲ್ಯಾಟ್ ಕೊಂಡಿದ್ದರು. ‘ಫ್ರೆಂಡು’ ಎಂದು ಹೇಳಿಕೊಂಡು ಬರುತ್ತಿದ್ದ ಕಾಲ ಮುಗಿದಿತ್ತು. ಆ ಸಲ ಪುಟ್ಟಿ ಬಾಗಿಲಲ್ಲೇ ಅಮ್ಮನಿಗೆ, ‘ಅತ್ತೆ, ನಾವಿಬ್ರೂ ಸಂಸಾರ ಮಾಡ್ತಿದೀವಿ. ನಿಮಗೆ ಕಷ್ಟ ಆಗೋ ಹಾಗಿದ್ರೆ ಹೇಳಿಬಿಡಿ, ಹೋಟ್ಲಲ್ಲಿ ಇರ್ತೀವಿ’ ಎಂದಳು. ಅಮ್ಮ ಸ್ವಲ್ಪ ಹೊತ್ತು ಇಬ್ಬರ ಮುಖವನ್ನೂ ನೋಡಿದರು. ‘ಹಬ್ಬದ ದಿನ ಹೊಸಲಿನ ಮೇಲೆ ನಿಂತ್ಕೊಂಡು ಮಾತಾಡಬೇಡ, ಒಳಗೆ ಬಾ’ ಎಂದರು.

ಗೊಂಬೆ ಕೂರಿಸುವ ಕೆಲಸ ಬಾಕಿ ಇತ್ತು. ನಮ್ಮ ಕಡೆ ಕಳಶದ ಪಕ್ಕ ಪಟ್ಟದ ಗೊಂಬೆ ಇಡಬೇಕು. ರಾಜ, ರಾಣಿ, ಮರದ ಜೋಡಿ. ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಡುವ ಗೊಂಬೆಗಳವು. ಅಮ್ಮನ ಜೋಡಿಯ ಬಣ್ಣ ಅಲ್ಲಲ್ಲಿ ಹೋಗಿ, ರಾಣಿಯ ಮೂಗು ಸವೆದಿತ್ತು. ವರ್ಷವರ್ಷವೂ ಹೊಸದಾಗಿ ಉಡಿಸಬೇಕು. ಹಳೆಯ ರೇಷ್ಮೆ ಸೀರೆಯ ಜರಿ ಅಂಚು ಕತ್ತರಿಸಿ, ಬೆರಳಗಲದ ನೆರಿಗೆ ಹಿಡಿದು ರಾಣಿಗೆ ಉಡಿಸಿದವಳು ಮಂಗಳೂರಿನ ಹುಡುಗಿ. ರಾಜನ ಪೇಟ ಪುಟ್ಟಿಯದು. ಸೂಜಿಗೆ ದಾರ ಪೋಣಿಸುತ್ತಾ ಅವಳು, ‘ನಂಗೆ ಇದನ್ನ ಯಾರು ಕೊಡ್ತಾರೆ ಅತ್ತೆ?’ ಎಂದು ಕೇಳಿದಳು. ಅಮ್ಮ ಉತ್ತರ ಕೊಡಲಿಲ್ಲ.

ಮಂಗಳವಾರ ಬೆಳಗ್ಗೆ ತಿಂಡಿ ಮುಗಿಸಿ ಟಿ.ವಿ. ಮುಂದೆ ಕೂತೆವು. ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೋರಿದ ಅರ್ಜಿಗಳ ವಿಚಾರಣೆ ಏಪ್ರಿಲ್ 18ರಂದು ಶುರುವಾಗಿ ಮೇ 11ಕ್ಕೆ ಮುಗಿದು, ತೀರ್ಪು ಕಾದಿರಿಸಿ ಐದು ತಿಂಗಳಾಗಿತ್ತು. ಐವರು ನ್ಯಾಯಮೂರ್ತಿಗಳು, ನಾಲ್ಕು ಬೇರೆ ಬೇರೆ ತೀರ್ಪು. ಮೊದಲು ಓದಿದವರು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಇದು ಪಟ್ಟಣದವರ, ಅನುಕೂಲಸ್ಥರ ವಿಷಯ ಮಾತ್ರ ಎನ್ನುವುದು ಸರಿಯಲ್ಲ, ಹಳ್ಳಿಯ ಹೊಲದಲ್ಲಿ ದುಡಿಯುವ ಹೆಣ್ಣುಮಗಳೂ ಹೀಗಿರಬಹುದು ಎಂದರು. ಮದುವೆ ಎಂಬುದು ಎಂದೂ ಬದಲಾಗದ ವ್ಯವಸ್ಥೆಯಲ್ಲ ಎಂದರು. ಆ ಮಾತಿಗೆ ಪುಟ್ಟಿ ಪಕ್ಕದವಳ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಅವರೇ, 1954ರ ವಿಶೇಷ ವಿವಾಹ ಕಾಯ್ದೆಯನ್ನು ರದ್ದುಮಾಡಲೂ ಆಗದು, ಅದರೊಳಗೆ ಹೊಸ ಅರ್ಥ ತುಂಬಲೂ ಆಗದು, ಅದು ಸಂಸತ್ತಿನ ಕೆಲಸ ಎಂದರು. ಮದುವೆ ಮೂಲಭೂತ ಹಕ್ಕಲ್ಲ ಎನ್ನುವುದರಲ್ಲಿ ಐವರದೂ ಒಂದೇ ಮಾತು. ಇಂಥ ಜೋಡಿಗಳ ಕೂಡುಬಾಳನ್ನು ಸರ್ಕಾರ ಗುರುತಿಸಬೇಕು, ಅವರು ಸೇರಿ ಮಗುವನ್ನು ದತ್ತು ತೆಗೆದುಕೊಳ್ಳಬಹುದು ಎಂದವರು ಮುಖ್ಯ ನ್ಯಾಯಮೂರ್ತಿ ಮತ್ತು ನ್ಯಾಯಮೂರ್ತಿ ಕೌಲ್ ಇಬ್ಬರೇ. ಉಳಿದ ಮೂವರು ಒಪ್ಪಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸೆಕ್ಷನ್ 377ರ ಅಪರಾಧದಿಂದ ಬಿಡುಗಡೆಯಾದವರು 2023ರಲ್ಲಿ ಅಲ್ಲೇ ನಿಂತರು.

ಮಂಗಳೂರಿನ ಹುಡುಗಿ ಎದ್ದು ಹಿತ್ತಲಿಗೆ ಹೋದಳು. ಪುಟ್ಟಿ ಅಳಲಿಲ್ಲ. ಟಿ.ವಿ. ಆರಿಸಿ, ‘ನಮ್ಮದು ಆಚಾರದಲ್ಲಿಲ್ಲ, ಅಷ್ಟೇ ತಾನೇ?’ ಎಂದಳು.

ಆ ಮಾತು ನನಗೆ ನಾಟಿತು. ಚಿಕ್ಕಂದಿನಲ್ಲಿ ಹಿರಿಯರು ಪುಟ್ಟಿಯನ್ನು ನನಗೇ ಎಂದು ಹೇಳಿಟ್ಟಿದ್ದರು. ಸೋದರಮಾವನ ಮಗಳು, ಕೇಳುವ ಹಕ್ಕು ನಮ್ಮದು ಎನ್ನುವ ಲೆಕ್ಕ. ನಮ್ಮಜ್ಜಿಯಂತೂ ತನ್ನ ಸೋದರಮಾವನನ್ನೇ ಮದುವೆಯಾದವಳು. ಉತ್ತರದ ಕಡೆ ಬಹುಪಾಲು ಜನ ಇದನ್ನು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಕೂಡದು ಎನ್ನುತ್ತದೆ, ಆದರೆ ಸಂಪ್ರದಾಯದಲ್ಲಿದ್ದರೆ ಅಡ್ಡಿಯಿಲ್ಲ ಎಂದೂ ಸೇರಿಸುತ್ತದೆ. ನಮ್ಮಂಥವರ ಮನೆಗಳಿಗಾಗಿ ಬಿಟ್ಟ ಬಾಗಿಲು ಅದು. ಅಜ್ಜಿಯ ತಾಯಿಗೆ ಮದುವೆಯಾದಾಗ ವಯಸ್ಸು ಒಂಬತ್ತು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಕೂಡದು ಎಂದು ಕಾನೂನು ಮಾಡಿತ್ತು. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ಮಂತ್ರ ಮಾಂಗಲ್ಯದಿಂದ ಮಾಡಿದರು. ನಾಲ್ಕು ತಲೆಮಾರಿನಲ್ಲಿ ಇಷ್ಟೆಲ್ಲ ಕಂಡ ನಾಡು ನಮ್ಮದು. ಮದುವೆ ಸನಾತನ ಕಾಲದಿಂದ ಹೀಗೇ ಇದೆ ಎನ್ನುವವರು ತಮ್ಮ ಮನೆಯ ಹಿರಿಯರ ಕಥೆಯನ್ನೇ ಕೇಳಿಸಿಕೊಂಡಿಲ್ಲ ಎಂದು ನಾನು ತಿಳಿದಿದ್ದೇನೆ.

ಅಮ್ಮನ ವಿಚಾರದ ದಾರಿ ಬೇರೆ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ತೀರಿಕೊಂಡವರ ಖಾತೆ ಇತ್ಯರ್ಥ ಮಾಡುವ ಕೌಂಟರಿನಲ್ಲಿ ಬಹಳ ಕಾಲ ಕೂತಿದ್ದವರು. ಊಟದ ಹೊತ್ತಿಗೆ, ತಟ್ಟೆ ಮುಂದೆ ಕೂತ ಪುಟ್ಟಿಯನ್ನು ಕೇಳಿದರು.

‘ಮದುವೆ ಆಗದಿದ್ರೆ ನಿಮಗೆ ಏನೇನು ತಪ್ಪಿಹೋಗತ್ತೆ, ಹೇಳು.’

ಪಿಂಚಣಿ, ವಿಮೆ, ಆಸ್ಪತ್ರೆಯ ಸಹಿ, ದತ್ತು ಎಂದು ಅವಳು ಹೇಳುತ್ತಾ ಹೋದಳು. ಫ್ಲ್ಯಾಟಿಗೆ ಬಂದಾಗ ಅಮ್ಮ ತಡೆದರು.

‘ಅದಕ್ಕೆ ಏನು ಮಾಡಿದೀಯ?’

‘ಇಬ್ಬರ ಹೆಸರಲ್ಲೂ ಇದೆ ಅತ್ತೆ. ಬ್ಯಾಂಕಲ್ಲಿ ಒಬ್ಬರಿಗೊಬ್ಬರು ನಾಮಿನಿ.’

‘ನಾಮಿನಿ ಅಂದ್ರೆ ವಾರಸುದಾರ ಅಲ್ಲ ಕಣೇ. ಬ್ಯಾಂಕಿಂದ ದುಡ್ಡು ಈಸ್ಕೊಳ್ಳೋನು, ಅಷ್ಟೇ. ಆಮೇಲೆ ವಾರಸುದಾರರು ಬಂದು ಕೇಳಬಹುದು. ನೀನು ಉಯಿಲು ಬರೀದೆ ಹೋದ್ರೆ ಫ್ಲ್ಯಾಟಲ್ಲಿ ನಿನ್ನ ಅರ್ಧ ನಿಮ್ಮಪ್ಪ ಅಮ್ಮಂಗೆ. ಅವರೂ ಇಲ್ದಿದ್ರೆ ನಿನ್ನ ತಮ್ಮಂಗೆ. ಇವಳು ನಿನ್ನ ತಮ್ಮನ ಜೊತೆ ಅಡುಗೆಮನೆ ಹಂಚ್ಕೋಬೇಕಾ?’

ಇಬ್ಬರೂ ಕೈ ತಟ್ಟೆಯಲ್ಲಿಟ್ಟುಕೊಂಡೇ ಕೂತುಬಿಟ್ಟರು. ಅಷ್ಟು ಓದಿದವರು, ಇಡೀ ವಿಚಾರಣೆಯನ್ನು ಬೆನ್ನುಹತ್ತಿ ನೋಡಿದವರು, ಇದನ್ನು ಯೋಚಿಸಿರಲಿಲ್ಲ.

ಅಮ್ಮನಿಗೆ ಇದು ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಮಗಳಿಗೂ ಮಗನಷ್ಟೇ ಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ತಂದಾಗ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಅಮ್ಮ ಹಾಗೆ ಹೊರಗುಳಿದವರು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ನಂಜನಗೂಡಿನ ಕಡೆಯ ಜಮೀನು ಭಾಗವಾಗುವಾಗ ಪುಟ್ಟಿಯ ಅಪ್ಪ, ಎಂದರೆ ನಮ್ಮ ಮಾವ, ಒಂದು ಸೀರೆ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ಹಕ್ಕು ಬಿಡುಗಡೆ ಪತ್ರ ಎಲ್ಲವನ್ನೂ ತಟ್ಟೆಯಲ್ಲಿಟ್ಟುಕೊಂಡು ಬಂದರು. ಅಮ್ಮ ಸೀರೆ ತೆಗೆದುಕೊಂಡರು, ಪತ್ರಕ್ಕೆ ಸಹಿ ಹಾಕಲಿಲ್ಲ. ‘ಕೊಟ್ಟ ಹೆಣ್ಣು ಪಾಲು ಕೇಳಿದ್ರೆ ಮನೆತನ ಉಳಿಯುತ್ತಾ?’ ಎಂದು ಮಾವ ಬಹಳ ದಿನ ಮಾತು ಬಿಟ್ಟಿದ್ದರು. ಪಾಲು ಕೊಟ್ಟ ಮೇಲೂ ಮನೆತನ ಉಳಿದಿದೆ. ಹಬ್ಬಕ್ಕೆ ಹೋಗಿಬರುವುದೂ ನಡೆದಿದೆ.

ಆ ವರ್ಷದ ಕೊನೆಯಲ್ಲಿ ಇಬ್ಬರೂ ಉಯಿಲು ಬರೆದುಕೊಂಡು ಮತ್ತೆ ಬಂದರು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರ ಸಹಿಯ ಜೊತೆಗೆ ಇಬ್ಬರು ಸಾಕ್ಷಿ ಬೇಕೇ ಬೇಕು. ಅಮ್ಮ ಒಬ್ಬರು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇನ್ನೊಬ್ಬರು. ಅಮ್ಮ ಕನ್ನಡಕ ಹಾಕಿಕೊಂಡು ಪ್ರತಿ ಪುಟವನ್ನೂ ಓದಿದರು. ತಿದ್ದಿದ ಒಂದು ಸಾಲಿನ ಪಕ್ಕ ಸಹಿ ಬಿಟ್ಟುಹೋಗಿತ್ತು, ಅದನ್ನು ಬೆರಳಿಟ್ಟು ತೋರಿಸಿ ಹಾಕಿಸಿದರು. ಆಮೇಲೆ ತಮ್ಮ ಸಹಿ ಹಾಕಿ, ಕೆಳಗೆ ವಿಳಾಸ ಬರೆದರು. ಮೇಷ್ಟ್ರು ಏನೂ ಕೇಳಲಿಲ್ಲ. ‘ಇಬ್ಬರೂ ನೂರು ವರ್ಷ ಬಾಳಿ’ ಎಂದು ಹರಸಿ, ಕಾಫಿ ಕುಡಿದು ಹೋದರು.

ವಿಷಯ ಮಾವನ ಕಿವಿಗೆ ಬಿತ್ತು. ಫೋನಿನಲ್ಲಿ, ‘ಅಕ್ಕ, ನೀನೂ ಅವರ ಜೊತೆ ಸೇರ್ಕೊಂಡ್ಯಾ?’ ಎಂದರು.

‘ನಿನ್ನ ಮಗಳ ಪತ್ರಕ್ಕೆ ಸಾಕ್ಷಿ ಹಾಕಿದೀನಿ ಕಣೋ. ನೀನೇ ಹಾಕಬೇಕಿತ್ತು’ ಎಂದರು ಅಮ್ಮ.

ಮಾವ ಇವತ್ತಿಗೂ ಬೆಂಗಳೂರಿನ ಆ ಮನೆಗೆ ಹೋಗಿಲ್ಲ. ಪುಟ್ಟಿಯ ತಾಯಿ ಹೋಗುತ್ತಾರೆ, ವಾರಗಟ್ಟಲೆ ಇದ್ದು ಬರುತ್ತಾರೆ.

ಕಾನೂನಿನ ಕಡೆ ಆದದ್ದು ಅಲ್ಪ. ಇಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಪಡಿತರ ಚೀಟಿಯಲ್ಲಿ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು ಎಂಬ ಸೂಚನೆಯೂ ಬಂತು. ತೀರ್ಪಿನ ಮರುಪರಿಶೀಲನೆ ಕೋರಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತಳ್ಳಿಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ಸಂಸಾರ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದು ಹೇಳಿತು. ಮನೆಯವರು ಬಲವಂತವಾಗಿ ಇಟ್ಟುಕೊಂಡಿದ್ದ ಯುವತಿಯೊಬ್ಬಳನ್ನು ಬಿಡಿಸಿಕೊಡಿ ಎಂದು ಅವಳ ಸಂಗಾತಿ ಹಾಕಿದ್ದ ಅರ್ಜಿ ಅದು.

ಮದುವೆಯ ಕಾಯ್ದೆ ತಿದ್ದಬೇಕಾದದ್ದು ಸಂಸತ್ತು. ತಿದ್ದಲೇಬೇಕು, ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಅಲ್ಲಿಯವರೆಗೆ ಹಿರಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ, ಈ ಹಬ್ಬಕ್ಕೆ ಇಬ್ಬರನ್ನೂ ಕರೆಯಿರಿ. ಊಟಕ್ಕೆ ಕೂತಾಗ ಉಯಿಲಿನ ಮಾತು ನೀವೇ ಎತ್ತಿ. ಸಾಕ್ಷಿಯ ಜಾಗದಲ್ಲಿ ನೀವೇ ಸಹಿ ಹಾಕಿ.