ಪರಿಷೆಯ ಬೀದಿಯಲ್ಲಿ ಒಂದು ಮನೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಸಮೀಪಿಸಿತೆಂದರೆ ಬೆಂಗಳೂರಿನ ಬಸವನಗುಡಿಗೆ ಹೊಲದ ಮಣ್ಣಿನ ವಾಸನೆ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಾಗಡಿಗಳಿಂದಲೂ ನೆರೆಯ ಆಂಧ್ರ, ತಮಿಳುನಾಡುಗಳಿಂದಲೂ ಮೂಟೆಗಳು ಬಂದಿಳಿಯುತ್ತವೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಎರಡೂ ಮಗ್ಗುಲಿಗೆ ಕಡಲೆಕಾಯಿಯ ರಾಶಿಗಳೇಳುತ್ತವೆ: ಹಸಿಯದು, ಬೇಯಿಸಿದ್ದು, ಹುರಿದದ್ದು, ಎರಡು ಬೀಜದ್ದು, ಮೂರು ಬೀಜದ್ದು. ಸಂಜೆಯಾಗುವಷ್ಟರಲ್ಲಿ ದಾರಿಯ ತುಂಬ ಸಿಪ್ಪೆಯ ಹಾಸು. ಕಾಲಿಟ್ಟರೆ ಚಟಚಟ ಸದ್ದು. ಈ ಸದ್ದನ್ನು ಕೇಳದೆ ವರ್ಷ ಮುಗಿಯಿತೆಂದು ಒಪ್ಪುವ ಬಸವನಗುಡಿಯವರು ವಿರಳ.

ಗುಡಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವನೊಂದು ಹುಣ್ಣಿಮೆ ಹುಣ್ಣಿಮೆಗೂ ಬಂದು ಮೇಯುತ್ತಿದ್ದಿತಂತೆ. ರೈತರು ಮೊರೆಹೊಕ್ಕು, ಮೊದಲ ಬೆಳೆ ನಿನಗೇ ಎಂದು ಹರಕೆ ಹೊತ್ತರಂತೆ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಅದು ಹಡಗು ಹತ್ತಿ ಈ ಸೀಮೆಗೆ ಬಂದದ್ದು ಯಾವಾಗ, ಬಸವ ಮೇಯ್ದದ್ದು ಯಾವಾಗ ಎಂದು ಲೆಕ್ಕ ಹಾಕಹೊರಟರೆ ಕಥೆಯ ಸೊಗಸು ಕೆಡುತ್ತದೆ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಆ ಏಕಶಿಲೆಯ ಬಸವನಂತೂ ಇಂಥ ಜಿಜ್ಞಾಸೆಗೆ ಕಿವಿಗೊಡದೆ ಮಲಗಿದೆ.

ಈ ಗುಡಿಗೆ ಕೂಗಳತೆಯಲ್ಲಿರುವ ಒಂದು ಮನೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಊರೆಲ್ಲ ಸಂಭ್ರಮದಿಂದ ಸುಲಿದು ತಿನ್ನುವ ಆ ಬೀಜ ಅವಳಿಗೆ ವಿಷ. ಮಾತಿನ ಅಲಂಕಾರಕ್ಕೆ ಹೇಳುವ ವಿಷವಲ್ಲ, ಅಲರ್ಜಿ. ಬೀಜದಲ್ಲಿರುವ ಸಸಾರಜನಕವನ್ನು ಅವಳ ದೇಹ ಶತ್ರುವೆಂದು ಬಗೆಯುತ್ತದೆ. ಅದು ಎಳ್ಳಷ್ಟು ಹೊಟ್ಟೆಗೆ ಹೋದರೂ ಮೈಯಲ್ಲಿ ದದ್ದು ಏಳಬಹುದು, ತುಟಿ ನಾಲಗೆಗಳು ಊದಬಹುದು, ಉಸಿರು ಕಟ್ಟಿ ರಕ್ತದ ಒತ್ತಡ ಕುಸಿಯಬಹುದು. ಬೇಯಿಸಿದ ಕಾಯಿಯಲ್ಲಿ ಈ ದೋಷ ಕೊಂಚ ತಗ್ಗುವುದುಂಟು, ಹುರಿದದ್ದರಲ್ಲಿ ಹೆಚ್ಚುವುದುಂಟು. ಆದರೆ ಇಂಥ ಮಗುವಿಗೆ ಎರಡೂ ಕೂಡದು.

ಮನೆಯವರಿಗೆ ಇದು ತಿಳಿದದ್ದು ಪರಿಷೆಯಲ್ಲಲ್ಲ, ಸಂಕ್ರಾಂತಿಯಂದು. ಆಗ ಹುಡುಗಿಗೆ ನಾಲ್ಕು ವರ್ಷ. ಹೊಸ ಲಂಗ ಉಟ್ಟು, ಎಳ್ಳಿನ ತಟ್ಟೆ ಹಿಡಿದು ಅಜ್ಜಿಯ ಜೊತೆ ಹೊರಟಿದ್ದಳು. ಎಳ್ಳು, ಕೊಬ್ಬರಿ, ಬೆಲ್ಲ, ಹುರಿಗಡಲೆ, ಕಡಲೆಕಾಯಿ ಬೀಜ, ಈ ಐದೂ ಕೂಡದೆ ಎಳ್ಳು ಬೀರುವುದುಂಟೆ? ಎದುರು ಮನೆಯಾಕೆ ಅಕ್ಕರೆಯಿಂದ ಒಂದು ಚಿಟಿಕೆ ಬಾಯಿಗೇ ಹಾಕಿದರು. ಮೂರನೆಯ ಮನೆ ತಲುಪುವ ಮೊದಲೇ ಮಗುವಿನ ಮುಖ ಊದಿತು. ಕೆಮ್ಮು ಹತ್ತಿ, ಉಸಿರಿನಲ್ಲಿ ಸಿಳ್ಳಿನಂಥ ಸದ್ದು ಕೇಳತೊಡಗಿತು. ಆಸ್ಪತ್ರೆಯಲ್ಲಿ ಹೊರತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚಿದ ಮೇಲೆ ಮಗು ಚೇತರಿಸಿಕೊಂಡಿತು. ಹಬ್ಬದ ಸೀರೆಯಲ್ಲೇ ರಾತ್ರಿಯೆಲ್ಲ ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿ ಒಂದು ಮಾತೂ ಆಡಲಿಲ್ಲ.

ಕಾಯಿಲೆಯ ಹೆಸರು ತಿಳಿದ ಮೇಲೆ ಕಷ್ಟ ಮುಗಿಯಲಿಲ್ಲ, ಮೊದಲಾಯಿತು. ನಮ್ಮ ಕಡೆ ಇದು ಅಪರೂಪ. 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಭಾರತದ ಶಾಲಾಮಕ್ಕಳಲ್ಲಿ ಆಹಾರದ ಅಲರ್ಜಿ ಇರಬಹುದೆಂದು ಕಂಡವರು ನೂರಕ್ಕೆ 0.14 ಮಾತ್ರ. ಕಾಣದ ರೋಗವನ್ನು ಜನ ಹೇಗೆ ನಂಬಿಯಾರು? “ಒಂದೇ ಒಂದು ಕಾಳು ತಿಂದರೆ ಏನಾಗುತ್ತದಮ್ಮ? ಪ್ರಸಾದವನ್ನು ಬೇಡವೆನ್ನಬಾರದು” ಎಂದರು ಒಬ್ಬರು. “ದಿನಾ ಚೂರು ಚೂರು ತಿನ್ನಿಸಿ, ತಾನೇ ಒಗ್ಗುತ್ತದೆ” ಎಂದರು ಸೋದರಮಾವ. ಮಾವನ ಮಾತಿಗೆ ಆಧಾರವಿಲ್ಲದಿಲ್ಲ. ಅಲರ್ಜಿಯ ಸಂಭವ ಹೆಚ್ಚಾಗಿರುವ ಹಸುಗೂಸುಗಳಿಗೆ ಮೊದಲ ವರ್ಷದಲ್ಲೇ ಕಡಲೆಕಾಯಿಯನ್ನು ತಕ್ಕ ರೂಪದಲ್ಲಿ ತಿನ್ನಿಸುತ್ತ ಬಂದರೆ ಮುಂದೆ ಅದರ ಅಲರ್ಜಿ ಬಹಳ ಕಡಿಮೆಯಾಗುತ್ತದೆಂದು ಲಂಡನ್ನಿನ ವೈದ್ಯರು 2015ರಲ್ಲಿ ತೋರಿಸಿಕೊಟ್ಟರು. ಆದರೆ ಅದು ಬಾರದಂತೆ ತಡೆಯುವ ಉಪಾಯ. ಬಂದ ಮೇಲೆ ಮನೆಯಲ್ಲಿ ಪರೀಕ್ಷಿಸಿ ನೋಡುವ ಮಾತಲ್ಲ. ತಾಯಿಗೆ ಮಾತ್ರ ಈ ಸಂಗತಿಯನ್ನು ಓದಿದಂದಿನಿಂದ ಒಳಗೊಳಗೇ ಕೊರಗು. ನಿಷ್ಠುರವಾಗಿ ಮಾತನಾಡುವವರನ್ನು ದೂರವಿಡಬಹುದು. ಪ್ರೀತಿಯಿಂದ ಕೈಚಾಚಿ ಕೊಡುವವರನ್ನು ತಡೆಯುವುದು ಹೇಗೆ?

ಮೊದಲ ವರ್ಷ ಪರಿಷೆಯ ದಿನಗಳಲ್ಲಿ ಮನೆಗೆ ಬೀಗ ಹಾಕಿ ಮೈಸೂರಿಗೆ ಹೋದರು. ಎರಡನೆಯ ವರ್ಷ ಹುಡುಗಿ ಕೇಳಿದಳು: “ಬಸವಣ್ಣನಿಗೂ ಕಡಲೆಕಾಯಿ ಆಗೋದಿಲ್ಲವೆ, ನಾವು ಯಾಕೆ ಓಡಿಹೋಗೋದು?” ತಂದೆ ಉತ್ತರ ಕಾಣದೆ ವೈದ್ಯರನ್ನು ಕೇಳಿದ. ವಾಸನೆಯಿಂದಲೇ ಪ್ರಾಣಾಪಾಯವಾಗುವುದು ತೀರ ಅಪರೂಪ. ಕಾಯಿ ಮುಟ್ಟಿದ ಕೈ ಬಾಯಿಗೆ ಹೋಗುವುದೇ ಭಯ ಎಂದರು ಅವರು. ಬರಿಯ ನೀರಾಗಲಿ, ಸೀಸೆಯ ಸ್ಯಾನಿಟೈಸರ್ ಆಗಲಿ ಆ ಅಂಶವನ್ನು ಸರಿಯಾಗಿ ತೆಗೆಯದು. ಸೋಪು ಹಚ್ಚಿ ತೊಳೆಯಬೇಕು.

ಈಗ ಅವರು ಬೆಳಗಿನ ಹೊತ್ತೇ ಹೊರಡುತ್ತಾರೆ. ಹುಡುಗಿ ತಂದೆಯ ಹೆಗಲ ಮೇಲೆ. ತಾಯಿಯ ಚೀಲದಲ್ಲಿ ಸೋಪು, ನೀರು, ವೈದ್ಯರು ಬರೆದುಕೊಟ್ಟ ಅಡ್ರಿನಲಿನ್. ತುರಿಕೆಗೆ ಕೊಡುವ ಸಿರಪ್ಪು ಇದಕ್ಕೆ ಬದಲಾಗದೆಂಬುದನ್ನು ಅಜ್ಜಿಯೂ ಕಲಿತಿದ್ದಾರೆ. ಬತ್ತಾಸು ಕಡಲೆಪುರಿಗಳ ಅಂಗಡಿಯನ್ನೂ ದಾಟಿಯೇ ಹೋಗಬೇಕು. ಅಲ್ಲಿ ಪುರಿ ಅಳೆಯುವ ಸೇರಿನಿಂದಲೇ ಕಡಲೆಕಾಯಿಯನ್ನೂ ಅಳೆಯುತ್ತಾರೆ. ಕೊಳ್ಳುವುದು ಬಳೆ, ಬಲೂನು, ಮಣ್ಣಿನ ಗೊಂಬೆ. ಆಮೇಲೆ ಕಹಳೆ ಬಂಡೆಯ ಮೇಲೆ ಕುಳಿತು ಕೆಳಗಿನ ಜನಸಾಗರವನ್ನು ನೋಡುವುದು. ಅಷ್ಟೇ ಪರಿಷೆ; ಆದರೂ ಪರಿಷೆ.

ಸಂಕ್ರಾಂತಿಯ ಭಾರವನ್ನು ಹೊತ್ತವರು ಅಜ್ಜಿ. ಕಲಸಿಟ್ಟ ಎಳ್ಳು ಗಾಂಧಿಬಜಾರಿನಲ್ಲಿ ಬೇಕಾದಷ್ಟು ಸಿಕ್ಕುತ್ತದೆ. ಅವರು ಅದರತ್ತ ನೋಡುವುದಿಲ್ಲ. ಎಳ್ಳೂ ಹುರಿಗಡಲೆಯೂ ಮೊಮ್ಮಗಳಿಗೆ ಒಗ್ಗುತ್ತವೆಂದು ವೈದ್ಯರಿಂದ ಖಚಿತಪಡಿಸಿಕೊಂಡು, ಕಡಲೆಕಾಯಿ ಸೋಕದ ಸರಕನ್ನು ವಿಚಾರಿಸಿ ತರುತ್ತಾರೆ. ಹಬ್ಬಕ್ಕೆ ಎರಡು ವಾರವಿರುವಾಗಲೇ ಕೊಬ್ಬರಿಯ ಕಪ್ಪು ಹೆರೆದು, ಬೆಲ್ಲದೊಡನೆ ಸಣ್ಣಗೆ ಹೆಚ್ಚಿ, ಮಹಡಿಯ ಬಿಸಿಲಿಗೆ ಹರವುತ್ತಾರೆ. ಹೊಸ ಮೊರ, ಹೊಸ ಅಡಕತ್ತರಿ. ಅತ್ತೆಯ ಕಾಲದ ಹಳೆಯ ಮೊರವನ್ನು ಅಟ್ಟಕ್ಕೆ ಏರಿಸುವಾಗ ಅವರು ಕೊಂಚ ಹೊತ್ತು ಅದನ್ನು ಹಿಡಿದೇ ನಿಂತಿದ್ದರಂತೆ. ಐದು ಇರಬೇಕಾದ್ದರಲ್ಲಿ ನಾಲ್ಕೇ ಆಯಿತಲ್ಲ ಎಂದು ಯಾರೋ ಕೆಣಕಿದಾಗ, “ಐದನೆಯದು ನನ್ನ ಮೊಮ್ಮಗಳು” ಎಂದು ಬಾಯಿ ಮುಚ್ಚಿಸಿದರು.

ಬೀರುವುದು ಸುಲಭ, ಪಡೆಯುವುದು ಕಠಿನ. ಅಕ್ಕಪಕ್ಕದವರು ಕೊಟ್ಟ ಎಳ್ಳಿನ ಪೊಟ್ಟಣಗಳು ಬಾಗಿಲಲ್ಲೇ ಅಜ್ಜಿಯ ಕೈಚೀಲ ಸೇರುತ್ತವೆ; ಮರುದಿನ ತಂದೆಯ ಕಚೇರಿಯಲ್ಲಿ ಹಂಚಿಹೋಗುತ್ತವೆ. ಹುಡುಗಿ ಮಾತ್ರ ಒಂದು ಮಾತನ್ನು ಬಾಯಿಪಾಠ ಮಾಡಿದ್ದಾಳೆ: “ನನಗೆ ಕಡಲೆಕಾಯಿ ಆಗೋದಿಲ್ಲ ಅಜ್ಜಿ. ಸಕ್ಕರೆ ಅಚ್ಚು ಬೇರೆ ಇಟ್ಟಿದ್ದರೆ ಕೊಡಿ.”

ಕಳೆದ ಸಂಕ್ರಾಂತಿಯಲ್ಲಿ ಎದುರು ಮನೆಯಾಕೆ ಎಳ್ಳಿನ ಡಬ್ಬಿ ಮುಟ್ಟುವ ಮೊದಲೇ, ಬೆಳಿಗ್ಗೆ ಎದ್ದವರು ಸೋಪಿನಿಂದ ಕೈ ತೊಳೆದು, ಅಚ್ಚುಗಳನ್ನು ಬೇರೆ ತಟ್ಟೆಯಲ್ಲಿ ಜೋಡಿಸಿ ಬಟ್ಟೆ ಮುಚ್ಚಿಟ್ಟಿದ್ದರು. ಆನೆ, ಗಿಳಿ, ಒಂದು ಪುಟ್ಟ ಬಸವ. ಹುಡುಗಿ ಬಹಳ ಯೋಚಿಸಿ ಬಸವನನ್ನು ಆರಿಸಿಕೊಂಡಳು. ಬೀದಿ ದಾಟುವಷ್ಟರಲ್ಲಿ ಅದರ ಒಂದು ಕೊಂಬು ಕರಗಿಹೋಗಿತ್ತು.